ಏಳನೆಯದು ನಾನು ಕಳಿಸಿದ್ದು

"ಏಳನೆಯದು ನಾನು ಕಳಿಸಿದ್ದು, ಮೇಡಂ."

ಟೈಪ್ ಮಾಡುತ್ತಿದ್ದ ಅವಳ ಬೆರಳುಗಳು ನಿಂತುಬಿಟ್ಟವು...

ನಗರಸಭೆಯ ವಿಚಾರಣೆಯಲ್ಲಿ ಹೇಳಿಕೆಗಳನ್ನು ಬರೆದುಕೊಳ್ಳುವುದು ಅವಳ ಕೆಲಸ. ಮೇಜಿನಾಚೆ, ವಿಚಾರಣಾಧಿಕಾರಿ ಮೇಡಂ ಎದುರು ತಲೆ ತಗ್ಗಿಸಿ ಕೂತವನು ಸರ್ವೇಯರ್. ಹೋದ ವಾರವಷ್ಟೇ ಮೆಟ್ಟಿಲ ಬಳಿ ಅವಳನ್ನು ತಡೆದು, ಮದುವೆಯಾಗ್ತೀರಾ ಎಂದು ಕೇಳಿದವನು. ಯೋಚಿಸಿ ಹೇಳ್ತೀನಿ ಎಂದಿದ್ದಳು. ಮನಸ್ಸು ಆಗಲೇ ಹೂಂ ಎಂದಾಗಿತ್ತು.

ಅವಳ ಅಜ್ಜ ಕಡಲು ದಾಟಿ ಬಂದು ಈ ಊರಿನ ಬಂದರಿಗೆ ಕಲ್ಲು ಹೊತ್ತವರು. ಮೂರು ತಲೆಮಾರು ಕಳೆದರೂ ಅವಳ ಜನರ ಕಪ್ಪು ಮೈಬಣ್ಣ, ಗುಂಗುರು ಕೂದಲು ಕೆಲವರಿಗೆ ನಗೆಯ ಸರಕು. ಆ ಜನರ ಅರ್ಜಿಗೆ ಸಹಿ ಹಾಕುವ ಅಧಿಕಾರಿಗಳೇ ತಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂಥ ಜೋಕುಗಳನ್ನು ಹಂಚಿಕೊಂಡಿದ್ದರು.

ಅವುಗಳಲ್ಲಿ ಮೊದಲ ಆರನ್ನು ಅವಳು ಹಲ್ಲು ಕಚ್ಚಿ ಟೈಪ್ ಮಾಡಿದ್ದಳು. ಏಳನೆಯದು, ಅವರ ಬೀದಿಗೆ ದೀಪ ಹಾಕಿದರೂ ಜನ ಕಾಣೋದಿಲ್ಲ ಎಂಬ ಮಾತು. ಅದು ಅವನದು!

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡಿದ್ದಾನೆ, ಅಷ್ಟೇ... ಎಂದುಕೊಂಡಳು. ಅವನು ಎರಡು ಸಲ ಮಾತಾಡಿಸಲು ಬಂದ. ಎರಡು ಸಲವೂ ಅವಳು ಫೈಲಿನಿಂದ ಮುಖ ಎತ್ತಲಿಲ್ಲ.

ನಾಲ್ಕನೆಯ ದಿನ ವಿಚಾರಣಾಧಿಕಾರಿ ಮೇಡಂ ಅಂತಿಮ ವರದಿ ಬರೆಸಿದರು. ಕಂದಾಯ ಅಧಿಕಾರಿ ಮತ್ತು ಆರೋಗ್ಯ ನಿರೀಕ್ಷಕರು ಅಮಾನತು. ಸರ್ವೇಯರ್‌ಗೆ ಹಿಂಬಡ್ತಿ, ದೂರದ ಕಚೇರಿಗೆ ವರ್ಗ. ಕೊನೆಯಲ್ಲಿ ಒಂದು ಸಾಲು: ದೂರು ಕೊಟ್ಟವರು ಇದೇ ಸರ್ವೇಯರ್, ತಮ್ಮ ಫೋನನ್ನು ತಾವಾಗಿಯೇ ತಂದೊಪ್ಪಿಸಿದ್ದಾರೆ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅವನ ಕೋಣೆಗೆ ಹೋದಳು.

ಅವನು ಮೇಜಿನ ಖಾನೆ ಖಾಲಿ ಮಾಡುತ್ತಿದ್ದ.

"ಆ ಮೆಸೇಜು ಎರಡು ವರ್ಷ ಹಳೇದು. ಅಳಿಸಿಬಿಟ್ಟು ದೂರು ಕೊಡಬಹುದಿತ್ತಲ್ಲ?"

"ಕೊಡಬಹುದಿತ್ತು. ಎಲ್ಲರೂ ಒಳ್ಳೆಯವನು ಅಂತಿದ್ರು. ನಿಮಗೆ ಮಾತ್ರ ಸುಳ್ಳುಗಾರ ಗಂಡ ಸಿಗ್ತಿದ್ದ."

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಧೈರ್ಯ ಬರಲಿಲ್ಲ..."

ಕಣ್ಣೀರಿಗೆ ಕರಗಿ ಹೋಗುವ ನೋವಲ್ಲ ಅವಳದು. "ನಮ್ಮಮ್ಮನ ಮುಂದೆ ಬಂದು ಆ ಜೋಕನ್ನ ನೀವೇ ಹೇಳಬೇಕು," ಎಂದಳು.

ಭಾನುವಾರ ಬೆಳಿಗ್ಗೆ ಅವನು ಬಂದ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಅವನು ನಿಂತೇ ಹೇಳಿದ, ತಡವರಿಸುತ್ತಾ, ಒಂದು ಪದವನ್ನೂ ಬಿಡದೆ. ಯಂತ್ರದ ಸದ್ದು ನಿಂತಿತು.

"ಇದಕ್ಕೆ ನಕ್ಕಿದ್ರಾ?"

"ನಕ್ಕಿದ್ವಿ, ಅಮ್ಮ." ಅವನ ಕಣ್ಣು ತುಂಬಿತ್ತು.

ಅಮ್ಮ ಬಹಳ ಹೊತ್ತು ಕೈಯಲ್ಲಿದ್ದ ಬಟ್ಟೆಯ ಅಂಚನ್ನೇ ಸವರುತ್ತಿದ್ದರು. ಆಮೇಲೆ ಪಕ್ಕದ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ತೆಗೆದು ಕೆಳಗಿಟ್ಟರು.

"ಕೂತ್ಕೋಪ್ಪ. ಎಷ್ಟು ಹೊತ್ತು ನಿಂತಿರ್ತೀಯ?"

ಅವನು ಹೊರಡುವಾಗ ಅವಳು ಗೇಟಿನವರೆಗೂ ಬಂದಳು.

"ಇನ್ನೂ ಕೋಪ ಇದೆಯಾ?" ಅವನು ಮೆಲ್ಲಗೆ ಕೇಳಿದ.

"ಇದೆ. ಸ್ವಲ್ಪ ದಿನ ಇರುತ್ತೆ."

"ಇರಲಿ. ನಾನು ಕಾಯ್ತೀನಿ."

"ಕಾಯೋದ್ಯಾಕೆ?" ಅವಳು ಅವನ ಕೈ ಹಿಡಿದಳು. "ಕೋಪ ಮಾಡ್ಕೊಳ್ಳೋಕಾದ್ರೂ ನೀನು ಹತ್ತಿರ ಇರಬೇಕಲ್ಲ..."

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು.