ತಾಳೆ ನೋಡುವ ಮುನ್ನ

"ಈ ನಕ್ಷೆ ತಪ್ಪು!"

ಸೆಮಿನಾರಿನ ಮಧ್ಯೆ ಅವನು ಎದ್ದು ನಿಂತು ಹಾಗೆಂದಾಗ, ತನ್ನ ನಕ್ಷೆ ವಿವರಿಸುತ್ತಿದ್ದ ಅವಳು ಸರ‍್ರನೆ ತಿರುಗಿ ನೋಡಿದಳು. ಯಾರಪ್ಪಾ ಇವನು?

ಕಂಪನಿಗಳು ಹೊರಗಿನವರ ಐಡಿಯಾಗಳಿಗೂ ಬಾಗಿಲು ತೆರೆಯುವುದಕ್ಕೆ ಮುಕ್ತ ನಾವೀನ್ಯತೆ ಎನ್ನುತ್ತಾರೆ. ಅದರ ಬಗ್ಗೆ ಬಂದ ಸಂಶೋಧನೆಗಳಲ್ಲಿ ಯಾರ ಪ್ರಭಾವ ಯಾರ ಮೇಲಾಗಿದೆ, ಗಾಳಿ ಈಗ ಯಾವ ಕಡೆ ಬೀಸುತ್ತಿದೆ ಎಂದು ನಕ್ಷೆ ಬಿಡಿಸುವುದೇ ಅವಳ ಪಿಎಚ್‌ಡಿ.

"ಹಳಬರನ್ನೇ ಎಲ್ಲರೂ ಉಲ್ಲೇಖಿಸ್ತಾರೆ, ಅದಕ್ಕೆ ನಕ್ಷೇಲಿ ಅವರೇ ದೊಡ್ಡದಾಗಿ ಕಾಣ್ತಾರೆ. ಈಚೆಗೆ ಸಣ್ಣ ಕಾರ್ಖಾನೆಗಳ ಬಗ್ಗೆ ಬರೀತಿರೋರು ಎಲ್ಲಿ ಹೋದ್ರು?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನು ಹೇಳಿದ್ದು ನಿಜವಾಗಿತ್ತು...

ಅವನು ವಿಭಾಗಕ್ಕೆ ಹೊಸದಾಗಿ ಸೇರಿದ ಸಂಶೋಧಕ. ಗೈಡ್ ಮೇಡಂ ನಕ್ಷೆ ತಿದ್ದುವ ಕೆಲಸಕ್ಕೆ ಇಬ್ಬರನ್ನೂ ಒಟ್ಟಿಗೆ ಹಚ್ಚಿದರು. ಅವಳು ಅವನಿಗೆ 'ತಕರಾರು ಸಾಹೇಬ್ರು' ಎಂದು ಹೆಸರಿಟ್ಟಳು. ಜಗಳವಾಡುತ್ತಲೇ ಒಟ್ಟಿಗೆ ಊಟ, ಒಟ್ಟಿಗೆ ಚಹಾ. ಯಾವಾಗ ಮನಸ್ಸು ಅತ್ತ ವಾಲಿತೋ ಅವಳಿಗೇ ತಿಳಿಯಲಿಲ್ಲ.

ಆಮೇಲೆ ಲೇಖನಗಳ ಆಯ್ಕೆ ಶುರುವಾಯಿತು. ರಾಶಿ ರಾಶಿ ಲೇಖನಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಇಬ್ಬರೂ ಬೇರೆ ಬೇರೆಯಾಗಿ ಓದಿ ತೀರ್ಮಾನಿಸಬೇಕು. ಎಲ್ಲ ಮುಗಿದ ಮೇಲಷ್ಟೇ ತಾಳೆ ನೋಡುವುದು. ಅಲ್ಲಿಯವರೆಗೆ ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಗೊತ್ತಾಗಬಾರದು.

ಅಂದಿನಿಂದ ಅವನು ಮಾತೇ ಬಿಟ್ಟ! ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಿದ್ದ.

ದಿನವಿಡೀ ಅವಳು ಓದುತ್ತಿದ್ದುದು ನಂಬಿಕೆ, ಹಂಚಿಕೆ, ತೆರೆದ ಬಾಗಿಲುಗಳ ಬಗ್ಗೆ. ಕಣ್ಣು ಉರಿಯುತ್ತಿತ್ತು, ಕತ್ತು ನೋಯುತ್ತಿತ್ತು. ನೋಯದೆ ಉಳಿದದ್ದು ಏನೂ ಇರಲಿಲ್ಲ.

"ಮುಖ ನೋಡ್ಕೊಂಡಿದ್ದೀಯೇನೆ? ಹೇಗೆ ಬಾಡಿ ಹೋಗಿದೆ!" ಎಂದಳು ಮನೆಯಲ್ಲಿ ಅಕ್ಕ.

"ಸಾಕಾಗಿದೆ ಅಕ್ಕ... ನಾನು ಅವನಿಗೆ ಬೇಡವಾದ್ರೆ ಬಾಯಿಬಿಟ್ಟು ಹೇಳಬಾರದಾ?"

ಮರುದಿನ ಅವಳು ಮೇಡಂ ಹತ್ತಿರ ಬೇರೆ ಜೊತೆಗಾರರನ್ನು ಕೇಳಿದಳು.

"ಬೇರೆಯವರು ಬಂದ್ರೆ ಎಲ್ಲಾ ಮೊದಲಿಂದ ಓದಬೇಕಾಗುತ್ತಮ್ಮ. ಮೊದಲು ಅವನಿಗೆ ಹೇಳು, ಆಮೇಲೆ ನೋಡೋಣ."

ಅವಳು ಅವನ ಮೇಜಿನ ಮುಂದೆ ನಿಂತಳು. "ನಿಮ್ಮ ಜೊತೆ ಕೆಲಸ ಮಾಡೋಕೆ ನನ್ನಿಂದ ಆಗಲ್ಲ. ಮೇಡಂಗೂ ಹೇಳಿದ್ದೀನಿ."

ಅವನ ಮುಖ ಬಿಳಿಚಿಕೊಂಡಿತು. "ಯಾಕೆ? ನಾನು ಸರಿಯಾಗಿ ಓದ್ತಾ ಇಲ್ವಾ?"

"ಓದೋದರ ಮಾತಲ್ಲ ಕಣ್ರೀ! ಊಟ ಆಯ್ತಾ ಅಂತ ಕೇಳೋಕೂ ನಿಯಮ ಅಡ್ಡ ಬರುತ್ತಾ?"

ಅವನು ತಲೆ ತಗ್ಗಿಸಿದ. "ನಿಮ್ಮ ಎದುರು ಕೂತ್ರೆ ನೀವು ಅಂದಿದ್ದೆಲ್ಲಾ ನನಗೆ ಸರಿ ಅನ್ಸುತ್ತೆ. ಯಾವ ಲೇಖನ ನೋಡಿ ನಿಮ್ಮ ಕಣ್ಣು ಅರಳುತ್ತೋ, ಅದು ನನಗೂ ಬೇಕು ಅನ್ಸುತ್ತೆ. ಹಾಗಾದ್ರೆ ತಾಳೆ ನೋಡೋದಕ್ಕೆ ಅರ್ಥ ಏನು? ನಿಮ್ಮ ಇಷ್ಟು ವರ್ಷದ ಕೆಲಸ ನನ್ನಿಂದ ಹಾಳಾಗಬಾರದು ಅಂತ ದೂರ ಇದ್ದೆ..."

ಅವಳು ಕುರ್ಚಿ ಎಳೆದು ಕುಳಿತಳು.

"ಎಲ್ಲರ ಜೊತೆ ವಾದ ಮಾಡ್ತೀರಲ್ಲ... ನನ್ನ ಹತ್ರ ಯಾಕೆ ಆಗಲ್ಲ?"

"ಪ್ರೀತಿ ಮಾಡ್ತಿದ್ದೀನಿ, ಅದಕ್ಕೆ."

ಅಷ್ಟು ದಿನ ತಡೆದಿದ್ದ ಅಳು ಉಕ್ಕಿ ಬಂತು. "ಎಷ್ಟು ಸುಸ್ತಾಗಿದೆ ಗೊತ್ತಾ ನನಗೆ? ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಿಮ್ಮ ತೀರ್ಮಾನಾನೂ ಕೆಡುತ್ತೇನೋ ಅಂತ..."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಇಂಥ ಪೆದ್ದನನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ?

"ಬೇರೆ ಜೊತೆಗಾರರು ಬೇಡ, ಉಳಿದಿದ್ದನ್ನೂ ನೀವೇ ಓದಿ. ಬೇಕಾದ್ರೆ ಬೇರೆ ಕೋಣೇಲಿ ಕೂತ್ಕೊಳ್ಳಿ. ಆದ್ರೆ ಊಟದ ಹೊತ್ತಿಗೆ ನನ್ನ ಪಕ್ಕ ಇರಬೇಕು."

"ಲೇಖನದ ಸುದ್ದಿ ಎತ್ತೋ ಹಾಗಿಲ್ವಲ್ಲ, ಏನು ಮಾತಾಡಲಿ?"

"ಈಗ ಹೇಳಿದ್ರಲ್ಲ... ಅದನ್ನೇ ಇನ್ನೊಂದು ಸಲ ಹೇಳಿ."