ಹತ್ತಿರದ್ದನ್ನು ತೋರಿಸುವ ಹನಿ

ಆ ಕಣ್ಣಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಹನಿ ಹಾಕಿದ ಕಂಪೌಂಡರ್‌ಗೆ ಈಗ ಪರೀಕ್ಷೆಯಂತೆ. ಹೊಸ ಶಾಖೆಯ ಉಸ್ತುವಾರಿ ಬೇಕಿದ್ದರೆ ಬರೆದು ಗೆಲ್ಲಬೇಕು, ಅದೂ ಡಾಕ್ಟರಮ್ಮನ ತಂಗಿಯ ಮಗನೆದುರು. ಮುಲಾಮಿಗೂ ಟೂತ್‌ಪೇಸ್ಟಿಗೂ ವ್ಯತ್ಯಾಸ ತಿಳಿಯದ, ಸದಾ ಮಿರುಗುವ ಬೂಟು ತೊಟ್ಟು ತಿರುಗುವ ಆ ಬೂಟುಗಾರನೆದುರು. ಕಂಪೌಂಡರನ ಮೈಯೆಲ್ಲ ಉರಿಯಿತು.

ಪ್ರಶ್ನೆಪತ್ರಿಕೆ ಡಾಕ್ಟರಮ್ಮನ ಕೋಣೆಯ ಬೀರುವಿನಲ್ಲಿತ್ತು. ಬೀಗದ ನಂಬರು ಅವನಿಗೆ ಬಾಯಿಪಾಠ, ಆದರೆ ಬೀಗದ ಮೇಲಿನ ಅಂಕಿಗಳು ಎಳ್ಳಿನಷ್ಟು ಸಣ್ಣವು. ಆ ಎಳ್ಳೇ ಅವನಿಗೆ ಉಪಾಯ ಹೇಳಿಕೊಟ್ಟಿತು. ಕಣ್ಣು ಕಾಣದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಬೆಳಿಗ್ಗೆ ಆಸ್ಪತ್ರೆಯ ಬಟ್ಟೆಯೆಲ್ಲ ಒಗೆಯಲು ಕಳಿಸಿ, ತಲೆನೋವೆಂದು ಹಣೆ ಹಿಡಿದು ಕೂತ. ಡಾಕ್ಟರಮ್ಮ ಕಣ್ಣು ಪರೀಕ್ಷಿಸಲೆಂದು ಎಲ್ಲರೆದುರೇ ಪಾಪೆ ಹಿಗ್ಗಿಸುವ ಹನಿ ಹಾಕಿದರು.

"ಸಂಜೆವರೆಗೆ ಏನೂ ಓದೋಕಾಗಲ್ಲ. ಸುಮ್ನೆ ಕೂತ್ಕೊಳ್ಳಪ್ಪ."

"ಕೈಗಡಿಯಾರಾನೂ ಕಾಣ್ತಿಲ್ಲ ಮೇಡಂ."

ಕಪ್ಪು ಕನ್ನಡಕ ಹಾಕಿ, ಗೋಡೆ ತಡವುತ್ತ, ಸಾಕ್ಷಿ ಗಟ್ಟಿಯಾಗಲೆಂದು ನರ್ಸಕ್ಕನಿಗೆ ಎರಡು ಸಲ ಡಿಕ್ಕಿ ಹೊಡೆದ.

"ಇನ್ನೊಂದ್ಸಲ ಗುದ್ದಿದ್ರೆ ಕೈಗೆ ಕೋಲು ಕೊಡ್ತೀನಿ ನೋಡಿ," ಎಂದಳು ಆಕೆ.

ಊಟದ ಹೊತ್ತಿಗೆ ಡಾಕ್ಟರಮ್ಮನ ಕಾರು ಗೇಟು ದಾಟಿದ ಸದ್ದಾಯಿತು. ಅವನ ಜೇಬಿನಿಂದ ಪಾಪೆ ಕುಗ್ಗಿಸುವ ಹನಿ, ಪೈಲೋಕಾರ್ಪಿನ್, ಹೊರಬಂತು. ಪಾಪೆ ಕುಗ್ಗಿಸು ಎಂದು ಸ್ನಾಯುವಿಗೆ ಹೇಳಲು ದೇಹವೇ ಅಸಿಟೈಲ್‌ಕೋಲಿನ್ ಎಂಬ ದೂತನನ್ನು ಕಳಿಸುತ್ತದೆ. ಬೆಳಗಿನ ಹನಿ ಆ ದೂತನ ಮುಖಕ್ಕೆ ಬಾಗಿಲು ಹಾಕಿತ್ತು; ಅದರ ಬಿಗಿ ಈಗ ಸಡಿಲವಾಗುತ್ತಿತ್ತು. ಈ ಹನಿಯೋ, ದೂತನದೇ ವೇಷ ಹಾಕಿ ಒಳಗೆ ನುಗ್ಗುತ್ತದೆ. ಮನೆಯಲ್ಲಿ ಎರಡು ಸಲ ಹಾಕಿಕೊಂಡು ಪೇಪರ್ ಓದಿ ನೋಡಿದ್ದ. ಈಗ ಎರಡೂ ಕಣ್ಣಿಗೆ ಬಿಟ್ಟುಕೊಂಡ. ಅರ್ಧ ಗಂಟೆಯಲ್ಲಿ ಹುಬ್ಬು ಸಿಡಿಯತೊಡಗಿತು, ಕೈಗಡಿಯಾರದ ಅಂಕಿ ಮುತ್ತಿನಂತೆ ಮೂಡಿತು.

ಡಾಕ್ಟರಮ್ಮನ ಕೋಣೆ ಯಾಕೋ ಮಬ್ಬಾಗಿತ್ತು. ಆಚೆ ಮೂಲೆಯಲ್ಲಿ, ಕೈ ತೊಳೆಯುವ ಬೇಸಿನ್ ಪಕ್ಕ, ಅವರ ಇನ್ನೊಂದು ಬಿಳಿ ಕೋಟು ಎಂದಿನಂತೆ ಮೊಳೆಗೆ ತೂಗುತ್ತಿತ್ತು. ಅದಕ್ಕೊಂದು ಸಲಾಮು ಹೊಡೆದ. ಎಳ್ಳಂಕಿಗಳು ಹೇಳಿದಂತೆ ಕೇಳಿದವು, ಬೀರು ತೆರೆಯಿತು. ಏಳನೇ ಪ್ರಶ್ನೆ: ಪೈಲೋಕಾರ್ಪಿನ್ ಹಾಕಿದ ಕಣ್ಣಿಗೆ ದೂರದ್ದು ಹೇಗೆ ಕಾಣುತ್ತದೆ? ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತೆಗೆದರಾಯಿತು.

"ಎಷ್ಟನೇ ಸಾಲಿನವರೆಗೆ ಓದೋಕಾಯ್ತಪ್ಪ?" ಎಂದಿತು ಕೋಟು. ಕಾರಿನಲ್ಲಿ ಹೋದವನು ಬೂಟುಗಾರ ಒಬ್ಬನೇ. ಕೋಟು ಟವೆಲಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಂತೆಲ್ಲ ಅದಕ್ಕೊಂದು ಮುಖ ಮೂಡಿತು. ಮೊಳೆಯ ಮೇಲಿನ ಕೋಟನ್ನು ಬೆಳಿಗ್ಗೆ ಒಗೆಯುವ ಗಂಟಿಗೆ ಹಾಕಿ ಕಳಿಸಿದವನು ತಾನೇ ಎಂಬುದು ಅವನಿಗೆ ಆಗ ನೆನಪಾಯಿತು.