ದೇವರ ಕೋಣೆಯ ತಿಜೋರಿ

2007ನೇ ಇಸವಿ ಆಗಸ್ಟ್ 23, ಗುರುವಾರ. ಬೆಳಗ್ಗೆ ಒಂಬತ್ತೂವರೆಗೆ ಚಳ್ಳಕೆರೆ ಪೊಲೀಸ್ ಠಾಣೆಗೆ ಕಳವಿನ ದೂರು ಬಂತು. ದೂರಿನ ಜೊತೆಗೇ ಕಳ್ಳಿಯೂ ಬಂದಳು, ಅಥವಾ ತಂದವರು ಹಾಗೆಂದರು.

ತಂದವರು ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪ. ಹಿಂದೆ ಮಿಲ್ಲಿನ ಇಬ್ಬರು ಆಳುಗಳು, ಅವರ ನಡುವೆ ಪಾಲಮ್ಮ. ಬಿ.ಜಿ. ಕೆರೆಯಿಂದ ಬಂದು ಆ ಮನೆಯ ಮುಸುರೆ ತಿಕ್ಕಿಕೊಂಡೇ ಕೂದಲು ನರೆತ ಹೆಂಗಸು. ಎಡಗೆನ್ನೆ ಊದಿತ್ತು. ಸೀರೆಯ ತುಂಬ ಶೇಂಗಾ ಸಿಪ್ಪೆ ಅಂಟಿತ್ತು.

“ಕಳ್ಳೀನ ಹಿಡ್ಕಂಡೇ ಬಂದೀವಿ ಸಾಹೇಬ್ರೆ” ಎಂದರು ಜಂಬುಲಿಂಗಪ್ಪ, ಕುರ್ಚಿ ಎಳೆದುಕೊಂಡು. “ನೀವು ನಾಕು ಬಿಟ್ಟು ಬಾಯಿ ಬಿಡ್ಸಿದ್ರೆ ಸಾಕು. ನಾಳೆ ವರಮಹಾಲಕ್ಷ್ಮಿ. ನಮ್ಮನೆಯೋಳ ಒಡವೆ ಡಬ್ಬಿ ತಿಜೋರಿಯಿಂದ ಹೋಗೈತೆ.”

ಇನ್‌ಸ್ಪೆಕ್ಟರ್ ಮುರುಗೇಂದ್ರಪ್ಪ ಪಾಲಮ್ಮನ ಕೆನ್ನೆ ನೋಡಿದರು.

“ರಾತ್ರಿ ಈಕೆ ಎಲ್ಲಿದ್ಲು?”

“ನಮ್ಮ ಗೋಡೌನ್‌ನಾಗೆ. ಓಡಿ ಹೋಗಬಾರ್ದಲ್ಲ.”

“ಬೀಗ ಹಾಕಿದ್ರಾ?”

“ಹಾಕ್ದೆ ಬಿಡಾಕಾಗ್ತೈತಾ?”

“ಕೆನ್ನೆ?”

“ಒಂದೇಟು ಕೊಟ್ಟೆ. ಮನೆ ಆಳಿಗೆ ಒಂದೇಟು ಹಾಕೋದೂ ತಪ್ಪಾ ಈಗಿನ ಕಾಲ್ದಾಗೆ?”

ಎಷ್ಟು ಸಲೀಸಾಗಿ ಹೇಳಿದರು! ಹಿಟ್ಟಿನ ಗಿರಣಿಗೆ ಹೋಗಿ ಬಂದೆ ಅನ್ನುವಷ್ಟು ಸಲೀಸಾಗಿ. ಮುರುಗೇಂದ್ರಪ್ಪನವರಿಗೆ ಮೈಯೆಲ್ಲ ಉರಿಯಿತು. ಆದರೂ ಸಿಟ್ಟನ್ನು ನುಂಗಿಕೊಂಡು ಮಹಿಳಾ ಪೇದೆ ಪ್ರೇಮಲತಾಳನ್ನು ಕರೆದರು. ಪಾಲಮ್ಮನಿಗೆ ಮೊದಲು ಏನಾದರೂ ತಿನ್ನಿಸಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯದ ಸರ್ಟಿಫಿಕೇಟು ತರಬೇಕೆಂದು ಹೇಳಿದರು. ನಂತರ ಕಲಂ 380ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ‘ಅಪರಿಚಿತರು’ ಎಂದು ಬರೆಸಿದರು.

“ಅಪರಿಚಿತ್ರು ಅಂದ್ರೇನ್ರಿ? ಎದುರಿಗೇ ತಂದು ನಿಲ್ಸೀವಲ್ಲ!” ಜಂಬುಲಿಂಗಪ್ಪ ಮುಂದೆ ಬಾಗಿ ದನಿ ತಗ್ಗಿಸಿದರು. “ನೀವೂ ನಮ್ಮೋರೇ. ಹಣೆ ಮ್ಯಾಲೆ ವಿಭೂತಿ ಕಾಣ್ತೈತೆ.”

“ವಿಭೂತಿ ನನ್ನ ಹಣೆ ಮೇಲೈತೆ ಯಜಮಾನ್ರೆ, ಎಫ್‌ಐಆರ್ ಮೇಲಿಲ್ಲ. ನಡೀರಿ, ತಿಜೋರಿ ತೋರ್ಸಿ.”

ಹನ್ನೊಂದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಅಕ್ಕಪಕ್ಕದ ಇಬ್ಬರು ಪಂಚರಾಗಿ ನಿಂತರು. ಮನೆ ಮಿಲ್ಲಿನ ಕಾಂಪೌಂಡಿನೊಳಗೇ ಇತ್ತು. ತಿಜೋರಿಯನ್ನು ದೇವರ ಕೋಣೆಯ ಗೋಡೆಯಲ್ಲಿ ಕೂರಿಸಿದ್ದರು. ಲಕ್ಷ್ಮಿ ಇರಬೇಕಾದ್ದೇ ಅಲ್ಲಿ ಎಂಬುದು ಜಂಬುಲಿಂಗಪ್ಪನವರ ಮಾತು. ಬಾಗಿಲ ಮೇಲೆ ಬೀಗದ ಕೈ ಹಾಕುವ ತೂತು ಹೊರಗೆ ಕಾಣುತ್ತಿರಲಿಲ್ಲ. ಫೋನಿನಲ್ಲಿರುವಂಥ ಅಂಕಿಯ ಗುಂಡಿಗಳಿದ್ದವು. ಒಡೆದ ಗುರುತಿಲ್ಲ, ಗೀರಿಲ್ಲ.

“ಇಂಥಾ ಬೀಗಾನೇ ಯಾಕೆ ತಗಂಡ್ರಿ?” ಹೆಡ್ ಕಾನ್‌ಸ್ಟೇಬಲ್ ಅಂಜಿನೇಯ ಕೇಳಿದ.

“ದಾವಣಗೆರೆ ಅಂಗಡಿಯೋನು ಮೂರು ಥರ ತೋರ್ಸಿದ. ಒಂದು ಬೀಗದ ಕೈಯದು. ಹೆಂಗಸರ ಸೊಂಟದಾಗಿನ ಕೈ ಯಾವತ್ತಾದ್ರೂ ಕಳೀತೈತೆ. ಇನ್ನೊಂದಕ್ಕೆ ಎರಡು ಕೈ. ಎರಡೂ ಹಾಕಿದ್ರೇ ತೆಗೆಯೋದು, ಒಂದು ನಂತಾವ ಒಂದು ಮಗನ್ತಾವ. ನನ್ನ ತಿಜೋರಿ ತೆಗೆಯಾಕೆ ನಾನು ಮಗನ ದಾರಿ ಕಾಯಬೇಕಾ? ಅದಕ್ಕೇ ನಂಬರಿಂದು ತಂದೆ. ನಂಬರು ನನ್ನ ತಲೇಲೈತೆ. ತಲೆ ಯಾರು ಕದೀತಾರ್ರಿ?”

“ಬ್ಯಾಟರಿ ಕೆಟ್ರೆ ತೆಗೆಯಾಕೆ ಒಂದು ಕೈ ಕೊಟ್ಟಿರ್ತಾರಲ್ಲ, ಅದೆಲ್ಲಿ?”

“ಭದ್ರವಾಗೈತೆ. ತಿಜೋರಿ ಒಳಗೇ ಇಟ್ಟೀನಿ.”

ಅಂಜಿನೇಯ ಮುಖ ಆ ಕಡೆ ತಿರುಗಿಸಿಕೊಂಡ. ಪಂಚರಲ್ಲೊಬ್ಬರಿಗೆ ಕೆಮ್ಮು ಬಂತು.

ಅಂದರೆ ಕಳ್ಳ ನಂಬರು ಒತ್ತಿಯೇ ತೆಗೆದಿದ್ದಾನೆ. ಮುರುಗೇಂದ್ರಪ್ಪ ಟಾರ್ಚು ಬಿಟ್ಟು ಗುಂಡಿಗಳನ್ನು ನೋಡಿದರು. ನಾಲ್ಕು ಗುಂಡಿಗಳ ಅಂಚಿನಲ್ಲಿ ಬೆಳ್ಳಗೆ ಪುಡಿ ಕೂತಿತ್ತು. ಉಳಿದವು ಶುಭ್ರವಾಗಿ ಕಪ್ಪಗೆ ಹೊಳೆಯುತ್ತಿದ್ದವು. ಅವರು ತಮ್ಮ ಬಲಗೈ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಬೆಳಗಿನ ಪೂಜೆಯ ವಿಭೂತಿ ಉಗುರ ಸಂದಿಯಲ್ಲಿ ಇನ್ನೂ ಉಳಿದಿತ್ತು.

“ಲಿಂಗಪೂಜೆ ಮುಗಿಸಿ ಕೈ ತೊಳೀದೆ ತಿಜೋರಿ ತೆಗೀತೀರಾ?”

“ದಿನಾ. ಮಿಲ್ಲಿನ ಖರ್ಚಿನ ದುಡ್ಡು ಮೇಲಿನ ಅರೆಯಾಗೆ ಇರ್ತೈತೆ. ಪೂಜೆ ಮಾಡಿದ ಕೈಯಾಗೇ ತೆಗೆಯೋದು ನಮ್ಮಪ್ಪನ ಕಾಲದಿಂದ ಬಂದಿದ್ದು.”

“ಒಂದು, ಮೂರು, ಆರು, ಎಂಟು. ಈ ನಾಕರಾಗೇ ಐತಲ್ಲ ನಿಮ್ಮ ನಂಬರು?”

ಜಂಬುಲಿಂಗಪ್ಪನವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ತಲೆಯಲ್ಲಿ ಭದ್ರವಾಗಿದ್ದ ನಂಬರನ್ನು ದಿನಾ ಬೆಳಗ್ಗೆ ಅವರೇ ಬಾಗಿಲ ಮೇಲೆ ಬರೆದಿಟ್ಟು ಹೋಗುತ್ತಿದ್ದರು. ಇನ್ನು ಉಳಿದದ್ದು ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂಬುದಷ್ಟೆ. ಕೋಣೆಯಲ್ಲಿ ಪುರುಸೊತ್ತಾಗಿ ಕೂರಬಲ್ಲ ಯಾರಿಗಾದರೂ ಅದು ಸಾಧ್ಯ.

“ಹಂಗಾರೆ ಅವಳೇ! ಕಸ ಹೊಡಿಯೋವಾಗ ನೋಡ್ಕಂಡವಳೆ!”

“ಈ ಕೋಣೆ ಕಸ ಪಾಲಮ್ಮ ಹೊಡೀತಾಳಾ?”

ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ದ್ರಾಕ್ಷಾಯಣಮ್ಮ ಮೆಲ್ಲಗೆ ಹೇಳಿದರು: “ಇಲ್ಲ ಸಾಹೇಬ್ರೆ. ಅವಳನ್ನ ದೇವರ ಕೋಣೆ ಹೊಸ್ತಿಲು ದಾಟಾಕೆ ಬಿಡಲ್ಲ. ನಾನೇ ಹೊಡ್ಕಂತೀನಿ.”

ಕೇಳಿದಿರಾ? ಹೊಸ್ತಿಲು ದಾಟಲು ಬಿಡದ ಮನೆ, ಹೊಸ್ತಿಲ ಒಳಗಿನದನ್ನು ಕದ್ದಳೆಂದು ಹೊಡೆದಿದೆ! ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಮ್ಮನೆ ಅಲ್ಲ. ಮುರುಗೇಂದ್ರಪ್ಪ ಆ ಮಾತನ್ನು ಹೇಳಿದಂತೆಯೇ ಪಂಚನಾಮೆಯಲ್ಲಿ ಬರೆಸಿದರು.

“ಅಮ್ಮಾ, ಡಬ್ಬಿ ಕಡೇ ಸಲ ನೋಡಿದ್ದು ಯಾವಾಗ?”

“ಸೋಮವಾರ ಪೂಜೆಗೆ ತೆಗೆದು ಇಟ್ಟಿದ್ವಿ. ನಿನ್ನೆ ಸಂಜೆ ಹಬ್ಬಕ್ಕೆ ಬೇಕು ಅಂತ ಕೇಳಿದೆ. ಕೆಳಗಿನ ಅರೆ ಖಾಲಿ.”

“ಈ ನಡುವೆ ಈ ಕೋಣೆಯಿಂದ ಏನಾದ್ರೂ ಸದ್ದು ಕೇಳಿಸ್ತಾ?”

ಅವರು ಯೋಚಿಸಿದರು. “ಮಂಗಳವಾರ ಇವರು ಮಿಲ್ಲಿಗೆ ಹೋದ್ಮೇಲೆ ಟೀಂ ಟೀಂ ಅಂತ ಬಾಳ ಹೊತ್ತು ಕೇಳಿಸ್ತಿತ್ತು. ನಿಲ್ಲೋದು, ಮತ್ತೆ ಕೂಗೋದು. ಏನೋ ಅದು ಅಂತ ಮಗ ಸಿದ್ದೂನ ಕೂಗಿ ಕೇಳ್ದೆ. ಮೊಬೈಲ್ ಅವ್ವ ಅಂದ.”

“ನೀವೆಲ್ಲಿದ್ರಿ?”

“ಹಿತ್ತಲಾಗೆ. ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗ್ತಿದ್ವಿ. ಪಾಲಿ ಹುಣಸೆಹಣ್ಣು ಹಾಕಿ ತಿಕ್ತಿದ್ಲು, ನಾನು ನೀರು...” ಮಾತು ಅಲ್ಲಿಗೇ ನಿಂತಿತು. ಪಾಲಮ್ಮ ಎಲ್ಲಿದ್ದಳು ಎಂಬುದು ಅವರಿಗೆ ಆಗ ಹೊಳೆಯಿತು. ನಿನ್ನೆ ಯಾರೂ ಅವರನ್ನು ಕೇಳಿರಲಿಲ್ಲ, ಅವರಾಗಿ ನೆನಪು ಮಾಡಿಕೊಂಡೂ ಇರಲಿಲ್ಲ.

ಮಗ ಸಿದ್ದಲಿಂಗೇಶನನ್ನು ಮಿಲ್ಲಿನಿಂದ ಕರೆಸಿದರು. ಮೂವತ್ತೈದು ದಾಟಿದವನು, ಇಸ್ತ್ರಿ ಮಾಡಿದ ಅಂಗಿ. ಕಣ್ಣು ಮಾತ್ರ ನೆಲದ ಮೇಲೆ.

“ಮಂಗಳವಾರ ಬೆಳಗ್ಗೆ ಎಲ್ಲಿದ್ದೆ?”

“ಮನೇಲೇ.”

“ಟೀಂ ಟೀಂ ಅಂದಿದ್ದು?”

“ನನ್ನ ಮೊಬೈಲ್.”

“ತೆಗಿ. ಅದೇ ಸದ್ದು ಮಾಡ್ಸು.”

ಫೋನಿನಿಂದ ಒಂದು ಭಜನೆ ಬಂತು. ಗುಂಡಿ ಒತ್ತಿದ, ಇನ್ನೊಂದು ಬಂತು. ಅದೂ ಟೀಂ ಟೀಂ ಅಲ್ಲ. ಮುರುಗೇಂದ್ರಪ್ಪ ಜಂಬುಲಿಂಗಪ್ಪನವರ ಕಡೆ ತಿರುಗಿ, “ಯಜಮಾನ್ರೆ, ಬೇಕಂತಲೇ ತಪ್ಪು ನಂಬರ್ ಒತ್ತಿ” ಎಂದರು. ಮೂರನೆಯ ತಪ್ಪಿಗೆ ತಿಜೋರಿ ಬಾಯಿ ಬಿಟ್ಟು ಟೀಂ ಟೀಂ ಎಂದು ಕೂಗತೊಡಗಿತು.

“ಇದೇ! ಇದೇ ಸದ್ದು ಸಾಹೇಬ್ರೆ!” ಅಡುಗೆಮನೆಗೆ ಹೋಗಿದ್ದ ದ್ರಾಕ್ಷಾಯಣಮ್ಮ ಓಡಿ ಬಂದರು. ಮಗನ ಮುಖ ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತರು.

“ಕದಿಯಾಕಲ್ಲ ಸಾರ್” ಎಂದ ಸಿದ್ದಲಿಂಗೇಶ್. “ಈ ಬೀಗ ಯಾರು ಬೇಕಾದ್ರೂ ತೆಗೀಬಹುದು ಅಂತ ಅಪ್ಪಗೆ ತೋರ್ಸಬೇಕಿತ್ತು. ಎರಡು ಕೈಯ ಬೀಗ ತಗಳ್ಳೋಣ, ಒಬ್ಬರೇ ತೆಗೆಯಾಕಾಗಲ್ಲ ಅಂತ ನಾನು ಬಡ್ಕಂಡೆ. ಇವನ ಸೊಂಟಕ್ಕೆ ಕೈ ಕಟ್ಟಿದ್ರೆ ಮಿಲ್ಲು ಹರಾಜಿಗೆ ಬರ್ತೈತೆ ಅಂತ ಅಪ್ಪ ಅಂಗಡಿಯೋನ ಮುಂದೇ ಅಂದ್ರು. ಅವನು ನಕ್ಕ. ಎರಡು ದಿನ ಹುಡುಕ್ಲಿ, ನನ್ನ ಕರೆದು ಕೇಳ್ಲಿ, ಆಗ ತಂದಿಡ್ತೀನಿ ಅಂದ್ಕಂಡಿದ್ದೆ.”

“ಪಾಲಮ್ಮನ್ನ ಹೊಡೆಯೋವಾಗ ಎಲ್ಲಿದ್ದೆ?”

“ಅಲ್ಲೇ.”

“ಬಾಯಿ ಇರ್ಲಿಲ್ವಾ?”

ಸಿದ್ದಲಿಂಗೇಶ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

“ಗೋಡೌನ್ ಬೀಗ ಹಾಕಿದ್ದು ಯಾರು?”

“ನಾನೇ. ಅಪ್ಪ ಹಾಕು ಅಂದ್ರು. ಅಪ್ಪ ನನ್ನ ಕೈಗೆ ಕೊಟ್ಟ ಬೀಗದ ಕೈ ಅದೊಂದೇ ಸಾರ್.”

ಮುರುಗೇಂದ್ರಪ್ಪನವರ ಸಿಟ್ಟು ಈಗ ಹೊರಬಿತ್ತು. “ಥೂ ನಿನ್ನ! ಅಪ್ಪನ ಮೇಲಿನ ಹಗೆ ತೀರ್ಸಾಕೆ ಒಂದು ಬಡಪಾಯಿ ಹೆಂಗಸನ್ನ ಕತ್ತಲಾಗೆ ಕೂಡಿ ಹಾಕ್ದೆಯಲ್ಲೋ! ಒಂದು ಮಾತು, ಒಂದೇ ಒಂದು ಮಾತು ಆಡಿದ್ರೆ ಸಾಕಿತ್ತು!”

ಡಬ್ಬಿ ಇದ್ದದ್ದು ಮೊಳಕಾಲ್ಮೂರಿನಲ್ಲಿ, ಅವನು ಇಟ್ಟಿರಲು ಕೊಟ್ಟಿದ್ದ ಗೆಳೆಯನ ಅಂಗಡಿಯಲ್ಲಿ. ಮಧ್ಯಾಹ್ನ ಆರೋಪಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ರೇಷ್ಮೆ ಸೀರೆ ವ್ಯಾಪಾರಿ ಚಿತ್ತಪ್ಪ ಪೊಲೀಸರನ್ನು ಕಂಡು ಗಾದಿಯಿಂದ ಎದ್ದೇ ನಿಂತ. “ದೇವುಡಾ! ನಾಕೇಮಿ ತೆಲೀದು ಸಾರ್, ನಂಗೇನೂ ಗೊತ್ತಿಲ್ಲ! ಹೆಂಡ್ತಿಗೆ ಗೊತ್ತಾಗ್ದಂಗೆ ಇಟ್ಟಿರು ಅಂದ, ಸೀರೆ ಅಂದ್ಕಂಡೆ.” ಸೀರೆ ಡಬ್ಬದೊಳಗೆ ಒಡವೆ ಡಬ್ಬಿ ಹಾಗೇ ಇತ್ತು. ಜಪ್ತಿ ಪಂಚನಾಮೆ ಮಾಡಿ, ಸೀಲು ಹಾಕಿ, ಸಂಜೆಯೊಳಗೆ ಚಳ್ಳಕೆರೆಗೆ ತಿರುಗಿದರು. ಸಿದ್ದಲಿಂಗೇಶನ ದಸ್ತಗಿರಿ ದಾಖಲಾಯಿತು.

ಠಾಣೆಯ ಜಗುಲಿಯಲ್ಲಿ ಜಂಬುಲಿಂಗಪ್ಪ ಕಾಯುತ್ತಿದ್ದರು.

“ಸಾಹೇಬ್ರೆ, ಮನೆ ಒಡವೆ, ಮನೆ ಮಗ. ದೂರು ವಾಪಸ್ ತಗಂಡ್ಬಿಡ್ತೀನಿ. ಪಾಲಿಗೆ ಹಬ್ಬಕ್ಕೆ ಒಂದು ಸೀರೆ ಕೊಡಿಸ್ತೀನಿ. ಮುಗೀತಲ್ಲ?”

“ಹೊಡೆದ ಕೆನ್ನೆಗೆ ಸೀರೆ ಹೊದಿಸ್ತೀರಾ?” ಎಂದರು ಮುರುಗೇಂದ್ರಪ್ಪ. “ನಿಮ್ಮ ದೂರಿನ ಕತೆ ಕೋರ್ಟು ನೋಡ್ಕಳ್ತೈತೆ. ಈಗ ಪಾಲಮ್ಮನವರ ದೂರು ನಡೀತೈತೆ. ಕೂತ್ಕಳ್ರಿ. ಅಲ್ಲಲ್ಲ, ಆ ಬೆಂಚಿನ ಮೇಲೆ, ನಿಮ್ಮ ಮಗನ ಪಕ್ಕ.”

ಅಪ್ಪ, ಮಗ ಇಬ್ಬರ ಮೇಲೂ ಅಕ್ರಮ ಬಂಧನ, ಅಪ್ಪನ ಮೇಲೆ ಹಲ್ಲೆ. ಎರಡನೆಯ ಎಫ್‌ಐಆರ್‌ಗೆ ಆಸ್ಪತ್ರೆಯ ಸರ್ಟಿಫಿಕೇಟು ಲಗತ್ತಾಯಿತು. ಮಗನ ಪ್ರೇರಣೆಯ ಬಗ್ಗೆ ಮುರುಗೇಂದ್ರಪ್ಪ ಕೇಸ್ ಡೈರಿಯಲ್ಲಿ ಬರೆದದ್ದು ಇಷ್ಟೆ: ‘ತಂದೆಯು ತನ್ನನ್ನು ನಂಬಲಿಲ್ಲವೆಂಬ ಅವಮಾನ. ಆ ಅವಮಾನದ ಭಾರವನ್ನು, ತಿರುಗಿ ಮಾತಾಡಲಾಗದವರ ಮೇಲೆ ಹೊರಿಸಿದ್ದಾನೆ.’

ಒಳಗೆ ಪ್ರೇಮಲತಾ ಪಾಲಮ್ಮನ ಹೇಳಿಕೆಯನ್ನು ಓದಿ ಹೇಳಿದಳು. ಹೊಡೆದದ್ದು, ಯಜಮಾನರ ಮಾತಿನಂತೆ ಅಮ್ಮನವರು ಸೀರೆ ಬಿಚ್ಚಿಸಿ ಹುಡುಕಿದ್ದು, ಗೋಡೌನಿಗೆ ತಳ್ಳಿದ್ದು, ಎಲ್ಲ ಇತ್ತು.

“ಸರಿ ಐತಾ ಅಮ್ಮ? ಹೆಬ್ಬೆಟ್ಟು ಒತ್ತು.”

ಪಾಲಮ್ಮ ಕೈ ಹಿಂದಕ್ಕೆ ತಗೊಂಡಳು. ಬೆಳಗಿನಿಂದ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಆಗಲೇ. ಜಗುಲಿಯ ಬೆಂಚಿನವರೆಗೂ ಕೇಳಿಸಿತು.

“ಸರಿ ಇಲ್ಲವ್ವ. ಸೀರೆ ಬಿಚ್ಚಿಸಿ ಹುಡುಕಿದ್ರು ಅಂತ ಬರೆದೀಯ. ಏನೂ ಸಿಗ್ಲಿಲ್ಲ ಅಂತ ಬರೆದಿಲ್ಲ. ಅದ್ನೂ ಬರ್ಕ.”

ಪ್ರೇಮಲತಾ ಪೆನ್ನು ತಿರುಗಿ ಕೈಗೆತ್ತಿಕೊಂಡು ಅದನ್ನೂ ಬರೆದಳು.